ಶ್ರೀಮತಿ ಪಿಖ್ಲರ್ ಅವರ ಭಾನುವಾರಗಳು

ಹಳೆಯ ಫಿಲ್ಮುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಇಳಿಸಿಕೊಡುವ ಸಣ್ಣ ಅಂಗಡಿಯೊಂದು ಕಡಲಾಚೆಯ ಪ್ಯಾರಮಟ್ಟಾದಲ್ಲಿದೆ. ಕುಂದಾಪುರದ ಕಡೆಯ ಅಸುಂತಾ ಅಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದಾಳೆ. ಬೇರೆಯವರ ಮದುವೆ, ಬೇರೆಯವರ ಸಮುದ್ರತೀರ, ಬೇರೆಯವರ ನಾಯಿಮರಿ ಎಲ್ಲವೂ ಅವಳ ಕಣ್ಣ ಮುಂದೆ ಒಂದೊಂದೇ ಚೌಕಟ್ಟಾಗಿ ಹಾದುಹೋಗುತ್ತವೆ.

ಕಳೆದ ಮಾರ್ಚಿನಲ್ಲಿ ಮೆಲ್ಬರ್ನಿನ ಬಾಕ್ಸ್ ಹಿಲ್‌ನಿಂದ ಹದಿನಾಲ್ಕು ತಗಡಿನ ಡಬ್ಬಿಗಳು ಬಂದವು. ಬೇಗ ಬೆಂಕಿ ಹಿಡಿಯುವ ಹಳೆಯ ಜಾತಿಯ ಫಿಲ್ಮಾದ್ದರಿಂದ ಅವು ಬಂದದ್ದು ವಿಶೇಷ ವಾಹನದಲ್ಲಿ. ಕಳಿಸಿದವರು ಹೆರ್ಟಾ ಎಂಬ ಎಂಬತ್ತೊಂಬತ್ತರ ವೃದ್ಧೆ. ಆ ಚಿತ್ರಗಳನ್ನು ತೆಗೆದವನು ಅವರ ಅಪ್ಪ, ಆಸ್ಟ್ರಿಯಾದ ಲಿಯೋಪೋಲ್ಡ್ ರಾನಿಂಗರ್. ಡಬ್ಬಿಗಳ ಜೊತೆಗಿದ್ದ ಪತ್ರದಲ್ಲಿ ಹೆರ್ಟಾ ಹೀಗೆ ಬರೆದಿದ್ದರು: 'ನನಗೆ ಗೊತ್ತಿರುವ ಅಪ್ಪ ಇಲ್ಲಿನ ಆಸ್ಪತ್ರೆಯೊಂದರ ಕತ್ತಲೆ ಕೋಣೆಯಲ್ಲಿ ಎಕ್ಸ್‌ರೇ ಫಿಲ್ಮು ತೊಳೆಯುತ್ತಿದ್ದವರು. ಕ್ಯಾಮೆರಾ ಹಿಡಿದದ್ದನ್ನು ನಾನು ನೋಡಿಲ್ಲ. ನನ್ನದೊಂದು ಫೋಟೋ ಕೂಡ ತೆಗೆದವರಲ್ಲ. ಡಬ್ಬಿ ಮುಟ್ಟಬೇಡ, ಬೆಂಕಿ ಹತ್ತುತ್ತದೆ ಅನ್ನುತ್ತಿದ್ದರು. ಮುಟ್ಟಿಲ್ಲ.'

ಅಸುಂತಾ ವರ್ಷದ ಕ್ರಮದಲ್ಲಿ ಒಂದೊಂದೇ ಡಬ್ಬಿ ತೆರೆದಳು. ಕರ್ಪೂರದಂಥ ಘಾಟು ಮೂಗಿಗೆ ಬಡಿಯಿತು. 1909ರಲ್ಲಿ ಲಿಯೋಪೋಲ್ಡ್‌ಗೆ ಇಪ್ಪತ್ತೈದು. ಸರೋವರದ ಮೇಲಿನ ಮಂಜಿನಲ್ಲಿ ಉಪ್ಪು ಹೊತ್ತ ದೋಣಿಗಳು ನೀರಿಗೆ ತಾಗಿಯೇ ಇಲ್ಲವೇನೋ ಎನ್ನುವಂತೆ ಸಾಗುತ್ತಿದ್ದವು. ನದಿಯ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ತಲೆಯೆತ್ತಿ ನೋಡಿ, ನಾಚಿ, ಮತ್ತೆ ಬಗ್ಗುತ್ತಿದ್ದರು. 1913ರಲ್ಲಿ ಬಂದರೊಂದರ ಕಾಫಿ ಮೂಟೆಗಳು, ಬೆನ್ನು ಬಾಗಿದ ಕೂಲಿಗಳು, ಯಾರದೋ ಹೆಗಲ ಮೇಲೆ ಕುಳಿತ ಬಿಳಿ ಹಕ್ಕಿ. ಕೈಯಿಂದ ಕ್ಯಾಮೆರಾದ ಹಿಡಿ ತಿರುಗಿಸುತ್ತ ತೆಗೆಯುತ್ತಿದ್ದ ಕಾಲ ಅದು. ಲಿಯೋಪೋಲ್ಡನ ಕೈ ಎಲ್ಲಿಯೂ ಅವಸರಪಟ್ಟಿರಲಿಲ್ಲ. ಸಂಜೆ ರೈಲಿನಲ್ಲಿ ಕಣ್ಣು ಮುಚ್ಚಿದರೂ ಆ ದೋಣಿಗಳು ಅವಳೊಳಗೆ ತೇಲುತ್ತಿದ್ದವು.

ಆಮೇಲೆ ಯುದ್ಧ ಬಂತು. 1916ರ ಡಬ್ಬಿಯಲ್ಲಿ ಹಿಮದ ಇಳಿಜಾರು, ಏರುತ್ತಿರುವ ಸೈನಿಕರು. ಎಲ್ಲರಿಗಿಂತ ಮುಂದಿದ್ದವನು ಎದೆ ಹಿಡಿದುಕೊಂಡು ಬೀಳುತ್ತಾನೆ. ಕೂಡಲೇ 'ವೀರಮರಣ' ಎಂಬರ್ಥದ ಜರ್ಮನ್ ಅಕ್ಷರಗಳು. ಇದು ಥಿಯೇಟರುಗಳಿಗೆ ಹೋದ ಚಿತ್ರ.

ಅದರ ಪಕ್ಕದಲ್ಲೇ ಅಂಗೈಯಗಲದ ಡಬ್ಬಿಯೊಂದಿತ್ತು. ಒಳಗೆ ಒಂದು ನಿಮಿಷವೂ ಇಲ್ಲದ ತುಂಡು. ಅದೇ ಇಳಿಜಾರು, ಅದೇ ಸೈನಿಕ. ಎದೆ ಹಿಡಿದುಕೊಂಡು ಬೀಳುತ್ತಾನೆ. ಒಂದು ಗಳಿಗೆ ಬಿದ್ದೇ ಇರುತ್ತಾನೆ. ಮತ್ತೆ ಎದ್ದು, ಮೈಮೇಲಿನ ಹಿಮ ಕೊಡವಿ, ಸರಿಯಾಯಿತೇ ಎಂದು ಕೇಳುವವನ ಹಾಗೆ ಕ್ಯಾಮೆರಾದತ್ತ ನೋಡಿ ನಗುತ್ತಾನೆ. ಆ ನಗು ಕಂಡು ಅಸುಂತಾಗೂ ನಗು ಬಂತು.

ಆದರೆ ಆ ತುಂಡಿನ ತುಂಬ ಗೀರುಗಳಿದ್ದವು. ಉಳಿದ ಫಿಲ್ಮುಗಳೆಲ್ಲ ಹೊಸದರಂತಿದ್ದವು. ಅವಳು ಅಂಗಡಿಯ ಮಾಲೀಕ ಶಂಭುಲಿಂಗ ಅವರನ್ನು ಕರೆದಳು. ಪ್ರಾಯದಲ್ಲಿ ಹುಬ್ಬಳ್ಳಿಯ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದವರು ಅವರು.

"ಇದು ಓಡಿ ಓಡಿ ಬಿದ್ದ ಗೀರು ನೋಡ್ರಿ," ಎಂದರು ಶಂಭುಲಿಂಗ, ಭೂತಗನ್ನಡಿ ಹಿಡಿದು. "ಪ್ರೊಜೆಕ್ಟರ್‌ನಾಗ ಐದುನೂರು ಸಲಾನರ ಓಡಿರಬೇಕು."

"ಆದ್ರೆ ಸರ್, ಇದು ಕಟ್ ಮಾಡಿ ತೆಗ್ದ ತುಂಡಲ್ವಾ? ಥಿಯೇಟರಿಗೆ ಹೋಗಿದ್ದು ಆ ಇನ್ನೊಂದು."

"ಅದ ನನಗೂ ತಿಳೀವಲ್ದು. ಬ್ಯಾಡಂತ ತೆಗದದ್ದನ್ನ ಇಷ್ಟು ಸಲ ಯಾರು ನೋಡಿದ್ರು?"

ಡಬ್ಬಿಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಎರಡು ಸಾಲು ಬರೆದಿತ್ತು. ಅಸುಂತಾಗೆ ಆ ಕೈಬರಹ ಓದಲಾಗಲಿಲ್ಲ. ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡಳು.

ಮಗಳು ಗ್ಲೆನಿಟಾ ಬಾಕ್ಸ್ ಹಿಲ್‌ನಲ್ಲಿ ನರ್ಸ್. ಈಸ್ಟರ್ ರಜೆಗೆ ಅವಳಲ್ಲಿಗೆ ಹೋದಾಗ ಅಸುಂತಾ ಲ್ಯಾಪ್‌ಟಾಪ್ ಹಿಡಿದುಕೊಂಡು ಹೆರ್ಟಾ ಅವರ ಮನೆಗೆ ನಡೆದೇ ಹೋದಳು. ಮಧ್ಯಾಹ್ನದ ಬಿಸಿಲು ಪರದೆ ದಾಟಿ ಜೇನಿನ ಬಣ್ಣದಲ್ಲಿ ನೆಲಕ್ಕೆ ಬಿದ್ದಿತ್ತು. ಹೆರ್ಟಾ ಸಣ್ಣ ಆಕಾರದ, ನೇರ ಬೆನ್ನಿನ ಹೆಂಗಸು. ಇಬ್ಬರೂ ಇಂಗ್ಲಿಷಿನಲ್ಲೇ ಮಾತನಾಡಿದರು.

ದೋಣಿಗಳನ್ನೂ ಬಟ್ಟೆ ಒಗೆಯುವ ಹೆಂಗಸರನ್ನೂ ಹೆರ್ಟಾ ಲ್ಯಾಪ್‌ಟಾಪಿನಲ್ಲಿ ನೋಡಿದರು. ಸೈನಿಕ ಬಿದ್ದು, ಎದ್ದು, ನಕ್ಕ. ಅಸುಂತಾ ಮುಚ್ಚಳದ ಚಿತ್ರ ತೋರಿಸಿದಳು. ಹೆರ್ಟಾ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿದರು.

"ಆಂಟನ್ ಪಿಖ್ಲರ್. ಅವನ ತಾಯಿಗಾಗಿ."

ಅವರು ಫೋನು ಕೆಳಗಿಟ್ಟರು. ಎದ್ದು, ಒಳಗಿನಿಂದ ಒಂದು ಕಪ್ಪು ನೋಟ್‌ಬುಕ್ ತಂದರು.

"ಇದು ಅಪ್ಪನದು. ಇದಕ್ಕಾಗಿ ನಮ್ಮಮ್ಮ ಜೀವನವಿಡೀ ಅತ್ತಿದ್ದಾಳೆ."

1917ರಿಂದ 1928ರ ತನಕ ಪುಟಪುಟದಲ್ಲೂ ಒಂದೇ ಸಾಲು: 'ಭಾನುವಾರ, ಮೂರು ಗಂಟೆ, ಶ್ರೀಮತಿ ಪಿ.' ಲಿಯೋಪೋಲ್ಡ್‌ಗೆ ಮದುವೆಯಾದದ್ದು 1926ರಲ್ಲಿ. ಮದುವೆಯ ನಂತರವೂ ಎರಡು ವರ್ಷ ಭಾನುವಾರ ಮಧ್ಯಾಹ್ನ ಮನೆಯಲ್ಲಿರುತ್ತಿರಲಿಲ್ಲ. ಹೆಂಡತಿ ಕೇಳಿದರೆ 'ಕೆಲಸ' ಎಂದಷ್ಟೇ ಹೇಳುತ್ತಿದ್ದ. 1938ರಲ್ಲಿ ಆಸ್ಟ್ರಿಯಾವನ್ನು ವಶಪಡಿಸಿಕೊಂಡ ಜರ್ಮನ್ ಸರ್ಕಾರ ತನಗಾಗಿ ಚಿತ್ರ ತೆಗೆಯಲು ಕರೆದಾಗ ಕ್ಯಾಮೆರಾ ಮಾರಿ, ಹೆಂಡತಿಯನ್ನೂ ಎರಡು ವರ್ಷದ ಹೆರ್ಟಾಳನ್ನೂ ಕರೆದುಕೊಂಡು ಮೆಲ್ಬರ್ನಿಗೆ ಬಂದ. ಈ ಮನೆಯಲ್ಲಿ ಪೆಟ್ಟಿಗೆ ಬಿಚ್ಚುವಾಗ ಹೆಂಡತಿಗೆ ನೋಟ್‌ಬುಕ್ ಸಿಕ್ಕಿತು.

"ಅಮ್ಮ ಮತ್ತೆ ಯಾವತ್ತೂ ಅವರ ಜೊತೆ ಕೂತು ಊಟ ಮಾಡಲಿಲ್ಲ," ಎಂದರು ಹೆರ್ಟಾ. "ತನ್ನ ಸಮಾಧಿ ಬೇರೆಯೇ ಇರಬೇಕು ಅಂತ ಬರೆದಿಟ್ಟು ಸತ್ತಳು. ನಾನೂ ಅವಳ ಕಡೆಯೇ ಇದ್ದೆ."

ಅವರು ನೋಟ್‌ಬುಕ್ಕಿನ ಮೊದಲ ಹಾಳೆಗಳನ್ನು ತಿರುವಿದರು. 1916ರ ಫೆಬ್ರವರಿಯಲ್ಲಿ ಬೆರಳು ನಿಂತಿತು.

"ಹನ್ನೆರಡನೇ ತಾರೀಕು: 'ಪಿಖ್ಲರ್‌ನನ್ನು ಮೂರು ಸಲ ಬೀಳಿಸಿದೆ. ಒಳ್ಳೆಯ ಹುಡುಗ, ನಗು ತಡೆಯಲಾರ.' ಹದಿಮೂರನೇ ತಾರೀಕು..." ಹೆರ್ಟಾ ಬೆರಳನ್ನು ಮುಂದಿನ ಸಾಲಿಗೆ ಇಳಿಸಿದರು. "'ಪಿಖ್ಲರ್ ಬಿದ್ದ. ಈ ಸಲ ನಾನು ಹೇಳಿರಲಿಲ್ಲ.' ಇದನ್ನು ಎಷ್ಟು ಸಲ ಓದಿದ್ದೇನೆ. ಯುದ್ಧದಲ್ಲಿ ಸತ್ತ ಯಾರೋ ಒಬ್ಬ ಅಂದುಕೊಂಡಿದ್ದೆ. ಆ 'ಪಿ' ಇವನ ತಾಯಿ ಇರಬಹುದು ಅಂತ ಹೊಳೆಯಲೇ ಇಲ್ಲ."

ಅಸುಂತಾ ಮೆಲ್ಲನೆ ಹೇಳಿದಳು: "ಆ ತುಂಡು ಐನೂರು ಸಲವಾದರೂ ಓಡಿದೆ ಅಂತಾರೆ ನಮ್ಮ ಮಾಲೀಕರು. ವಾರಕ್ಕೊಂದು ಸಲದಂತೆ ಹನ್ನೊಂದು ವರ್ಷ ಅಂದರೆ ಅಷ್ಟೇ ಆಗುತ್ತದೆ."

ಹೆರ್ಟಾ ಕಣ್ಣು ಮುಚ್ಚಿದರು. ಇಬ್ಬರಿಗೂ ಆ ಕೋಣೆ ಕಂಡಿತು: ಪರದೆ ಎಳೆದ ಭಾನುವಾರದ ಮಧ್ಯಾಹ್ನ, ಗೋಡೆಗೆ ಕಟ್ಟಿದ ಬಿಳಿ ಬಟ್ಟೆ, ಕುರ್ಚಿಯಲ್ಲಿ ಟೋಪಿ ತೆಗೆಯದೆ ಕುಳಿತ ಹೆಂಗಸು. ಊರ ಥಿಯೇಟರಿನಲ್ಲಿ ಮಗ ಸಾಯುವುದನ್ನು ಕಂಡು, ಚಿತ್ರ ತೆಗೆದವನನ್ನು ಹುಡುಕಿಕೊಂಡು ಬಂದವಳಿರಬೇಕು. ಹಿಂದೆ ನಿಂತು ಪ್ರೊಜೆಕ್ಟರಿನ ಹಿಡಿ ತಿರುಗಿಸುತ್ತಿರುವ ಗಂಡಸು. ಗೋಡೆಯ ಮೇಲೆ ಮಗ ಬೀಳುತ್ತಾನೆ. ಮತ್ತೆ ಏಳುತ್ತಾನೆ.

ನೋಟ್‌ಬುಕ್ಕಿನ ಕೊನೆಯ ಸಾಲು 1928ರ ನವೆಂಬರಿನದು: 'ಶ್ರೀಮತಿ ಪಿ. ತೀರಿಕೊಂಡರು. ಪ್ರೊಜೆಕ್ಟರ್ ಮಾರಿದೆ.' ಡಬ್ಬಿಗಳಲ್ಲೂ ಆ ವರ್ಷದ ನಂತರದ್ದು ಏನೂ ಇರಲಿಲ್ಲ.

"ನಾಳೆ ಅಮ್ಮನ ಸಮಾಧಿಗೆ ಹೋಗಬೇಕು," ಎಂದರು ಹೆರ್ಟಾ. "ಯಾರಾದರೂ ಕರೆದುಕೊಂಡು ಹೋಗಬಹುದೇ?"

ಮರುದಿನ ಬೆಳಿಗ್ಗೆ ಗ್ಲೆನಿಟಾ ಕಾರು ತಂದಳು. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಹೆರ್ಟಾ ಕೋಲೂರಿಕೊಂಡು ತಾಯಿಯ ಕಲ್ಲಿನ ಮುಂದೆ ನಿಂತರು. ಜರ್ಮನ್‌ನಲ್ಲಿ ಬಹಳ ಹೊತ್ತು ಮಾತನಾಡಿದರು. ಒಮ್ಮೆ ದನಿ ಏರಿತು. ಒಮ್ಮೆ, ದೂರದಿಂದ ನೋಡಿದರೆ, ನಗುತ್ತಿರುವಂತೆ ಕಂಡಿತು. ಅಸುಂತಾ ನೀಲಗಿರಿ ಮರದ ಕೆಳಗೆ ನಿಂತಿದ್ದಳು. ಒಂದು ಮಾತೂ ಅರ್ಥವಾಗದಿದ್ದರೂ ಅವಳು ಅತ್ತಲೇ ಕಿವಿಗೊಟ್ಟಿದ್ದಳು.

"Is she okay, Mum?" ಎಂದಳು ಗ್ಲೆನಿಟಾ.

"ಇರ್ಲಿ. ಅವರಾಗೇ ಬರ್ತಾರೆ."

ಹೆರ್ಟಾ ಹಿಂದಿರುಗಿ ಬಂದು ಅಸುಂತಾಳ ತೋಳು ಹಿಡಿದುಕೊಂಡರು. ಆ ಕೈ ತಣ್ಣಗಿತ್ತು.

"ಎಲ್ಲ ಹೇಳಿದೆ," ಎಂದರು. "ಅವಳು ಇದ್ದಿದ್ದರೆ, ಇಷ್ಟೇ ತಾನೆ, ನಿನ್ನಪ್ಪ ಅದನ್ನು ನನಗೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತಿದ್ದಳು. ಅದನ್ನು ಅಪ್ಪನನ್ನೇ ಕೇಳಬೇಕು."

ಸ್ವಲ್ಪ ದೂರ ನಡೆದ ಮೇಲೆ ನಿಂತು, ಸಾಲು ಕಲ್ಲುಗಳ ಆ ತುದಿಯನ್ನು ಕೋಲಿನಿಂದ ತೋರಿಸಿದರು.

"ಅಪ್ಪ ಅಲ್ಲಿದ್ದಾರೆ. ಅಲ್ಲಿಗೆ ಹೋಗದೆ ಮೂವತ್ತು ವರ್ಷವಾಯಿತು. ದಾರಿ ಏರು ಇದೆ, ನಿಧಾನವಾಗಿ ಹೋಗೋಣ."

ಮೂವರೂ ಆ ಕಡೆಗೆ ತಿರುಗಿದರು.