ಅಂಬುಜಾ ತಾರದ ಕಷ್ಟ

ಅಂಬುಜಾ ಅವರ ದೇಹವಿದ್ದ ಫ್ರೀಜರ್ ಪೆಟ್ಟಿಗೆಯ ಮೇಲೆ ಹಾರವಿಟ್ಟ ನೇಹಾ ನೇರವಾಗಿ ಶಂಕರನಾರಾಯಣರ ಎದುರು ಬಂದು ನಿಂತಳು.

"ಅಂಕಲ್, ಇನ್ನಾದ್ರೂ ಕುಡಿಯೋದು ಬಿಡ್ತೀರಾ? ಆಂಟಿ ಎಷ್ಟು ಅತ್ತಿದ್ದಾರೆ ಗೊತ್ತಾ?"

ಚೆನ್ನೈನ ವೇಲಚೇರಿಯ ಆ ಪುಟ್ಟ ಫ್ಲ್ಯಾಟಿನಲ್ಲಿ ನೆರೆದವರೆಲ್ಲ ಇತ್ತ ತಿರುಗಿದರು. ಹೆಂಡತಿಯನ್ನು ಕಳೆದುಕೊಂಡ ಶಂಕರನಾರಾಯಣ ಸುಮ್ಮನೆ ನೋಡಿದರು. ಅವರ ಅಕ್ಕ ಜಾನಕಮ್ಮನೇ ಬಾಯಿ ತೆರೆದರು.

"ಯಾರಮ್ಮಾ ನೀನು? ನಮ್ಮ ಶಂಕರ ಕುಡಿಯೋದಾ! ಕಾಫಿ ಸ್ವಲ್ಪ ಸ್ಟ್ರಾಂಗ್ ಆದ್ರೆ ರಾತ್ರಿಯೆಲ್ಲ ನಿದ್ದೆ ಬರಲ್ಲ ಅವನಿಗೆ."

"ಪ್ರತಿ ಗುರುವಾರ ನಂಗೇ ಹೇಳ್ತಿದ್ರು..."

ಬಾಗಿಲಿನಿಂದ ವಿಷ್ಣುಮೂರ್ತಿ ಧಾವಿಸಿ ಬಂದರು. ಆಪ್ತಸಮಾಲೋಚಕರಿಗೆ ತರಬೇತಿ ಕೊಡುವ ಕೇಂದ್ರ ಅವರದು. ನೇಹಾ ಅವರ ವಿದ್ಯಾರ್ಥಿನಿ.

"ಅಯ್ಯೋ ನೇಹಾ! ಕೋಣೆಯಲ್ಲಿ ಕೇಳಿದ್ದು ಕೋಣೆಯಲ್ಲೇ ಇರಬೇಕು ಅಂತ ಮೊದಲ ದಿನವೇ ಹೇಳಿದ್ನಲ್ಲ!"

ಆಮೇಲೆ ದನಿ ತಗ್ಗಿಸಿ ಬಿಡಿಸಿ ಹೇಳಿದರು. ಅಂಬುಜಾ ಅಲ್ಲಿ ಕಷ್ಟ ಹೇಳಿಕೊಳ್ಳಲು ಬಂದವರಂತೆ ನಟಿಸುತ್ತಿದ್ದರು. ಕಲಿಯುವವರಿಗೆ ಅದು ಅಭ್ಯಾಸ. ನಟನೆಯೆಂದು ಕೋರ್ಸ್ ಮುಗಿದ ಮೇಲೆಯೇ ತಿಳಿಸುವುದು.

"ಎಲ್ಲಾ ಸುಳ್ಳಾ ಸಾರ್? ನಾನೂ ಜೊತೇಲಿ ಅತ್ತಿದ್ದೆ!" ಎಂದಳು ನೇಹಾ.

ಜಾನಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುವಿಗೆ ಭುಜ ಕುಲುಕುತ್ತಿತ್ತು.

ಗುರುವಾರ ಅಂಬುಜಾ 'ಕ್ಲಾಸಿಗೆ ಹೋಗ್ಬರ್ತೀನಿ' ಎನ್ನುತ್ತಿದ್ದಳು. ಯಾವ ಕ್ಲಾಸು ಎಂದು ಶಂಕರನಾರಾಯಣ ಕೇಳಿರಲಿಲ್ಲ.

*

"ಆ ಕುಡುಕನನ್ನ ಬಿಟ್ಟು ಬಂದ್ಬಿಡಿ ಆಂಟಿ," ಎಂದಿದ್ದಳು ನೇಹಾ, ಒಂದು ಗುರುವಾರ ಕೇಂದ್ರದ ಕೋಣೆಯಲ್ಲಿ.

"ಇನ್ನೂ ಮದುವೆ ದಿನದ ಕತೆಯೇ ಮುಗಿದಿಲ್ಲ ಕಣೇ, ಆಗ್ಲೇ ಡೈವೋರ್ಸ್ ಕೊಡಿಸಿದ್ಯಲ್ಲ!"

ಅವಳು ಹೋದ ಮೇಲೆ ಅಂಬುಜಾ ವಡೆ ಮುರಿಯುತ್ತ ವಿಷ್ಣುಮೂರ್ತಿಗೆ ಹೇಳಿದ್ದರು: "ಅವಸರ ಜಾಸ್ತಿ. ಆದ್ರೆ ಒಳ್ಳೆ ಹುಡುಗಿ, ಕಲೀತಾಳೆ."

"ಮುಂದಿನ ಬ್ಯಾಚಿಗೆ ಮಾತೇ ಆಡದ ಗಂಡನ ಕತೆ ಮಾಡ್ತೀರಾ ಮೇಡಂ?"

ಅಂಬುಜಾ ಜೋರಾಗಿ ನಕ್ಕಿದ್ದರು. "ಅದೊಂದು ಬೇರೆಯವರಿಗೆ ಕೊಡಿ. ಮನೆ ಕಷ್ಟ ಇಲ್ಲಿಗೆ ತರಬಾರದು ಅಂತ ನೀವೇ ಹೇಳಿದ್ದಲ್ವಾ? ನಂಗೆ ಹಳೇ ಜೂಜುಕೋರ ಗಂಡನೇ ಇರ್ಲಿ. ಮಜಾ ಇರತ್ತೆ."

*

"ಅಂದ್ರೆ ಅವಳು ಅಲ್ಲಿ ನಿಜವಾದ ಕಷ್ಟ ಹೇಳ್ತಿರಲಿಲ್ಲ?" ಶಂಕರನಾರಾಯಣ ಕೇಳಿದರು.

"ಇಲ್ಲ ಸಾರ್. ಸ್ವಂತದ್ದು ತರಬಾರದು ಅಂತ ನಮ್ಮ ನಿಯಮ."

"ಕುಡುಕ ಆಯ್ತು. ಇನ್ನು ಯಾರ‍್ಯಾರು?"

"ಜೂಜುಕೋರ. ಹೊಡೆಯೋನು. ಸಂಶಯದ ಪ್ರಾಣಿ."

"ಅಷ್ಟೂ ಜನರ ಜೊತೆ ಸಂಸಾರ ಮಾಡಿದಾಳೆ ಪುಣ್ಯಾತ್ಗಿತ್ತಿ!" ಎಂದರು ಜಾನಕಮ್ಮ.

ಶಂಕರನಾರಾಯಣರೂ ನಕ್ಕರು. ಆಮೇಲೆ ಕೇಳಿದರು, "ಮಾತಾಡದವನು?"

ವಿಷ್ಣುಮೂರ್ತಿ ನೆಲ ನೋಡಿದರು. "ಅದೊಂದು ಮಾಡ್ಲಿಲ್ಲ ಸಾರ್. ಕೇಳಿದಾಗ ನಕ್ಕುಬಿಟ್ರು."

"ನಕ್ಕಳಾ?"

"ಜೋರಾಗಿಯೇ."

ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು. ಪೆಟ್ಟಿಗೆ ತೆರೆಯಲು ಬಂದವರಿಗೆ ಶಂಕರನಾರಾಯಣ ಕೈ ಅಡ್ಡ ಹಿಡಿದರು. "ಕೊಂಜಂ ಇರುಪ್ಪಾ," ಎಂದು ತಮಿಳಿನಲ್ಲಿ ಸ್ವಲ್ಪ ತಡೆಯಲು ಹೇಳಿದರು.

ಮಂಡಿ ಊರಿ, ಗಾಜಿನ ಹತ್ತಿರ ಮುಖ ತಂದರು.

"ಅಂಬುಜಾ, ಮೊನ್ನೆ ಟಿ. ನಗರದ ಬಸ್ಸಲ್ಲಿ ಒಬ್ಬ ಸಿಕ್ಕಿದ್ದ. ನಮ್ಮ ತಿಪಟೂರಿನವನೇ. ಹೇಳೋಣ ಅಂತಿದ್ದೆ. ಕಿಟಕಿ ಪಕ್ಕದ ಸೀಟಿಗೆ ಏನು ಜಗಳ ತೆಗೆದ ಅಂತೀಯಾ..."

ತಣ್ಣನೆಯ ಗಾಜಿನ ಮೇಲೆ ಉಸಿರಿನ ಮಂಜು ಕೂತು ಅವಳ ಮುಖ ಮಸುಕಾಯಿತು. ಶಲ್ಯದ ತುದಿಯಿಂದ ಒರೆಸಿ, ಜಗಳದ ಕತೆ ಮುಂದುವರಿಸಿದರು.