ಜಪಾನಿನ ಗಂಡ

ತಮಿಳು ಸೀಮೆಯ ಕೊಂಬೈಯಲ್ಲಿ ದ್ರಾಕ್ಷಿ ಬೆಳೆಯುವ ಈಶ್ವರನ್‌ಗೆ ಸಂಸಾರದಲ್ಲಿ ಒಬ್ಬ ಎದುರಾಳಿ ಇದ್ದ. ಜಪಾನಿನವನು, ಅದೂ ಸಿನಿಮಾದವನು.

ಮದುವೆಯಾದ ಹೊಸದರಲ್ಲಿ ಗೂಡಲೂರಿನ ಶಾಲೆಯ ಬಯಲಲ್ಲಿ ಮೇಷ್ಟರೊಬ್ಬರು ಪರದೆ ಕಟ್ಟಿ ಜಪಾನಿನ ಚಿತ್ರವೊಂದನ್ನು ತೋರಿಸಿದ್ದರು. ಹೆಂಡತಿ ದೈವಾನೈ ನಿಲಕ್ಕೋಟ್ಟೈಯ ಹೂದೋಟದ ಮನೆಯವಳು. ತವರಿನ ನೆನಪಲ್ಲಿ ಮುಖ ಸಣ್ಣ ಮಾಡಿಕೊಂಡಿದ್ದ ಅವಳು ಗಂಡನ ಜೊತೆ ಇನ್ನೂ ಮನಬಿಚ್ಚಿ ಮಾತಾಡಿರಲಿಲ್ಲ. ಪರದೆಯ ಮೇಲೆ ನದಿ, ದೋಣಿ, ಗಂಟು ಹಿಡಿದ ಹೆಂಗಸು, ಹುಟ್ಟು ಹಾಕುವ ಗಂಡಸು. ಅವನು ಏನು ಹೇಳುತ್ತಿದ್ದಾನೆಂದು ದೈವಾನೈ ಮೆಲ್ಲಗೆ ಕೇಳಿದಳು. ಈಶ್ವರನ್‌ಗೆ ಆ ಭಾಷೆ ಎಲ್ಲಿಂದ ಬರಬೇಕು? ಆದರೂ ಮನೆಮಾತಿನಲ್ಲಿ ಅವಳ ಕಿವಿಗೆ ಕತೆ ಹೇಳುತ್ತಾ ಹೋದ. ಅವನು ಅವಳ ಗಂಡ, ತಿಂಗಳು ತಿಂಗಳೂ ಹೆಂಡತಿಯನ್ನು ತವರಿಗೆ ಕರೆದುಕೊಂಡು ಹೋಗುತ್ತಾನೆ, ‘ನೀನು ಅಳಬೇಡ, ನಾನಿದ್ದೀನಿ’ ಅನ್ನುತ್ತಿದ್ದಾನೆ. ದೈವಾನೈ ನಕ್ಕಳು. ಆ ನಗುವನ್ನು ಅವನು ಕಂಡದ್ದು ಅದೇ ಮೊದಲು.

ಆಮೇಲೆ ಈಶ್ವರನ್ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನಿಲಕ್ಕೋಟ್ಟೈಗೆ ಬಸ್ಸು ಹತ್ತಲು ಬೇಸರಪಟ್ಟರೆ, ಆ ಜಪಾನಿನ ಗಂಡ ದೋಣಿ ನೂಕಿಕೊಂಡು ಹೋಗುತ್ತಿದ್ದನಲ್ಲ ಎನ್ನುವಳು. ಹಬ್ಬಕ್ಕೆ ಸೀರೆ ಮರೆತರೂ ಅವನದೇ ಮಾತು. ಈಶ್ವರನ್ ಗೊಣಗುತ್ತಲೇ ಹೊರಡುವನು.

ಈಚೆಗೆ ಮದುರೈಯಲ್ಲಿ ಓದುವ ಮೊಮ್ಮಗಳು ತಮಿಳರಸಿ ಆ ಚಿತ್ರವನ್ನು ಹುಡುಕಿಯೇ ಬಿಟ್ಟಳು. ಹಳೆಯ ರೀಲಿನ ಗೀರು, ಕಲೆಗಳನ್ನೆಲ್ಲ ತೆಗೆದು ಹೊಸದಾಗಿ ಡಿಸ್ಕ್ ಬಿಟ್ಟಿದ್ದರಂತೆ. ಭಾನುವಾರ ಊಟವಾದ ಮೇಲೆ ಟೀವಿಗೆ ಹಾಕಿದಳು. ಕೆಳಗೆ ಇಂಗ್ಲಿಷಿನಲ್ಲಿ ಮಾತು ಮೂಡುತ್ತದೆ, ತಾನು ಓದಿ ತಮಿಳಿನಲ್ಲಿ ಹೇಳುತ್ತೇನೆ ಎಂದಳು. ಈಶ್ವರನ್ ತೋಟಕ್ಕೆ ನೀರು ಬಿಡಬೇಕೆಂದು ಎದ್ದರೆ ದೈವಾನೈ ಪಂಚೆ ಹಿಡಿದು ಕೂರಿಸಿದಳು.

ದೋಣಿ ಬಂತು. ಹೆಂಗಸು ಪಟ್ಟಣದಲ್ಲಿ ಅಕ್ಕನ ಜೊತೆ ಮಿಠಾಯಿ ಅಂಗಡಿ ಇಡಲು ಹೊರಟವಳು. ಗಂಡಸು ಬರೀ ಅಂಬಿಗ. ಅವನು ಅಷ್ಟು ಹೊತ್ತು ಹೇಳಿದ್ದು ಈ ಸಲ ಹೊಳೆಯಲ್ಲಿ ಮೀನು ಕಮ್ಮಿ ಎಂಬ ವಿಷಯ.

ದೈವಾನೈ ನಿಧಾನಕ್ಕೆ ಗಂಡನ ಕಡೆ ತಿರುಗಿದಳು.

“ಹಂಗಾದ್ರೆ ಅಳಬೇಡ ಅಂದಿದ್ದು ಯಾರು?”

“ನಾನೇ,” ಎಂದ ಈಶ್ವರನ್, ನೆಲ ನೋಡುತ್ತಾ.

“ಇಷ್ಟು ವರ್ಷ ಅವನ್ನ ಹೊಗಳಿ ನಿಮ್ಮನ್ನ ಬೈದೆನಲ್ಲ,” ಎಂದು ದೈವಾನೈ ನಗಲು ಶುರುಮಾಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡರೂ ನಗು ನಿಲ್ಲಲಿಲ್ಲ. ಈಶ್ವರನ್‌ಗೂ ತಡೆಯಲಾಗಲಿಲ್ಲ. ತಮಿಳರಸಿ ಚಿತ್ರ ನಿಲ್ಲಿಸಿ, ಏನಾಯಿತೆಂದು ಇಬ್ಬರ ಮುಖ ನೋಡಿದಳು.

ಮತ್ತೆ ಹಾಕಿದಾಗ ದೈವಾನೈ ಗಂಡನ ಪಕ್ಕಕ್ಕೆ ಸರಿದು ಕೂತಿದ್ದಳು. ಗೀರು, ಕಲೆ ಹೋದ ಚಿತ್ರ ಕನ್ನಡಿಯಂತೆ ನಿಚ್ಚಳವಾಗಿ ಕಾಣುತ್ತಿತ್ತು. ದೋಣಿಯ ಮೂಲೆಯಲ್ಲಿ ಬುಟ್ಟಿಯೊಳಗೆ ಒಂದು ಬೆಕ್ಕು ಮಲಗಿತ್ತು. ಅದು ಅಂದು ಗೂಡಲೂರಿನ ಪರದೆಯಲ್ಲೂ ಇತ್ತು ಎಂದು ಅವನು, ಇರಲೇ ಇಲ್ಲ ಎಂದು ಅವಳು. ಕಾಫಿ ಆರಿಹೋಗುವವರೆಗೂ ಜಗಳ ನಡೆದೇ ಇತ್ತು.