ಟ್ರಾಂಟರನ ಗೇಟಿಗೆ ಒಂದು ಪಿನ್ನು

ಲಯೊನೆಲ್ ಬೆಡೋಸ್ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನೆಂದು ಅವನ ಹೆಂಡತಿ ಎನಿಡ್ ಮದುವೆಯಾದ ವರ್ಷವೇ ತೀರ್ಮಾನಿಸಿದ್ದಳು. ಹ್ಯಾರೋಬ್ರಿಜ್ ಊರಿನ ಸುತ್ತ ಅವನ ಬೂಟು ತುಳಿಯದ ಕಾಲುದಾರಿ ಇರಲಿಲ್ಲ. ಪ್ರತಿ ಮಂಗಳವಾರ ಬೆಳಿಗ್ಗೆ ಸೆವರ್ನ್ ನದಿಯ ಹಳೆಯ ಕಲ್ಲುಸೇತುವೆಯ ಬಳಿ ಒಂದಿಷ್ಟು ಜನ ಸೇರುತ್ತಿದ್ದರು. ಲಯೊನೆಲ್ ಮುಂದೆ, ಮಿಕ್ಕವರು ಹಿಂದೆ. ಮಳೆ ಬಂದರೆ ಇನ್ನೂ ಖುಷಿ. ಮಳೆಯಲ್ಲಿ ಮನೆಯೊಳಗಿರುವುದು ಬೆಕ್ಕಿನ ಕೆಲಸ ಎನ್ನುತ್ತಿದ್ದ. ಅಂಥವನನ್ನು ಈಗ ಆರು ಜನ ಹೊತ್ತು ಒಯ್ಯಬೇಕಾಗಿತ್ತು.

ಒಯ್ಯಬೇಕಾದದ್ದು ನದಿಯ ಮೇಲ್ಗಡೆಯ ಕ್ಲೀವ್ ಹಳ್ಳಿಯ ಚರ್ಚಿಗೆ. ಅವನ ಅಪ್ಪ ಅಮ್ಮ ಮಲಗಿರುವುದು ಅಲ್ಲೇ. ಅಲ್ಲಿಗೆ ಎರಡು ದಾರಿ. ಒಂದು ಗುಡ್ಡ ಸುತ್ತಿಕೊಂಡು ಹೋಗುವ ಡಾಂಬರು ರಸ್ತೆ. ಇನ್ನೊಂದು ಸೇತುವೆ ದಾಟಿದೊಡನೆ ಸಿಗುವ ರೂಬೆನ್ ಟ್ರಾಂಟರನ ಉದ್ದನೆಯ ಹುಲ್ಲುಗಾವಲು. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಲಯೊನೆಲ್ ಎನಿಡಳ ಕೈ ಹಿಡಿದು ಹೇಳಿದ್ದು ಒಂದೇ ಮಾತು.

"ಹುಲ್ಲುಗಾವಲಲ್ಲೇ ಕರ್ಕೊಂಡು ಹೋಗು ಕಣೇ. ರಸ್ತೆ ಬೇಡ."

ಕೇಳುವುದು ಸುಲಭ. ಆ ಹುಲ್ಲುಗಾವಲಿನ ವಿಷಯದಲ್ಲಿ ಲಯೊನೆಲ್ಲನಿಗೂ ಟ್ರಾಂಟರನಿಗೂ ಎಣ್ಣೆ ಸೀಗೆಕಾಯಿ. ಅದು ಊರವರೆಲ್ಲರ ದಾರಿ, ಯಾರ ಅಪ್ಪಣೆಯೂ ಬೇಡ ಎಂಬುದು ಲಯೊನೆಲ್ಲನ ವಾದ. ದಾರಿ ತನ್ನದು, ಜನ ನಡೆಯುವುದು ತಾನು ಬಿಟ್ಟದ್ದಕ್ಕೆ ಎಂಬುದು ಟ್ರಾಂಟರನ ವಾದ. ಅದನ್ನು ತೋರಿಸಲೆಂದೇ ಅವನು ವರ್ಷಕ್ಕೊಂದು ದಿನ ಗೇಟಿಗೆ ಸರಪಳಿ ಬಿಗಿದು ಬೀಗ ಹಾಕುತ್ತಿದ್ದ. ಅದೂ ಫೆಬ್ರವರಿಯ ಮೊದಲ ಮಂಗಳವಾರ, ನಡಿಗೆಯವರು ಬರುವ ದಿನವೇ ನೋಡಿಕೊಂಡು. ಬೀಗ ಬೀಳುವುದಕ್ಕಿಂತ ಎಷ್ಟೋ ಮೊದಲೇ ಜನ ಯಾರನ್ನೂ ಕೇಳದೆ ನಡೆದ ದಾರಿ ಇದು ಎಂದು ಲಯೊನೆಲ್ ಕೌನ್ಸಿಲ್‌ನಲ್ಲಿ ಅರ್ಜಿ ಹಾಕಿದ್ದ. ಅದರ ವಿಚಾರಣೆ ಬೇಸಿಗೆಗೆ ಮುಂಚೆ ಬರುವುದಿತ್ತು. ಅರ್ಧ ಆಯುಷ್ಯ ಅವನು ಆ ಹುಲ್ಲಿಗೇ ಸುರಿದಿದ್ದ. ಇನ್ನರ್ಧ ತನಗೆ ಸಿಕ್ಕಿತೇ ಎಂದು ಕೇಳಿದರೆ ಎನಿಡ್ ಯೋಚಿಸಿ ಉತ್ತರ ಕೊಡಬೇಕಾಗುತ್ತಿತ್ತು.

ಬೀಗದ ದಿನ ಮಿಕ್ಕವರು ಮನೆಯಲ್ಲಿದ್ದರೂ ಲಯೊನೆಲ್ ಒಬ್ಬನೇ ಹೋಗುತ್ತಿದ್ದ. ಫ್ಲಾಸ್ಕಿನಲ್ಲಿ ಟೀ, ಜೊತೆಗೆ ಎನಿಡ್ ಮಾಡಿದ ಕೇಕು, ಆ ದಿನ ಮಾತ್ರ ಎರಡು ತುಂಡು. ಗೇಟು ಹಾರುವ ಪೈಕಿಯಲ್ಲ ಅವನು. ಮುಚ್ಚಿದ್ದನ್ನು ಕಣ್ಣಾರೆ ಕಂಡು, ರಸ್ತೆ ಸುತ್ತಿಕೊಂಡು, ಸಂಜೆ ಕೆಸರು ಮೆತ್ತಿಕೊಂಡು ಬರುತ್ತಿದ್ದ. ಸೋತು ಬಂದ ಮುಖ ಅಷ್ಟೊಂದು ಗೆಲುವಾಗಿರುವುದು ಹೇಗೆಂದು ಎನಿಡ್‌ಗೆ ಅರ್ಥವಾಗುತ್ತಿರಲಿಲ್ಲ.

ಅವನು ತೀರಿಕೊಂಡ ಮರುದಿನ ಎನಿಡ್ ತಾನೇ ಟ್ರಾಂಟರನ ಅಂಗಳಕ್ಕೆ ಹೋದಳು. ಅವನು ಕುರಿಗಳಿಗೆ ಮೇವು ಹಾಕುತ್ತಿದ್ದವನು ಬುಟ್ಟಿ ಕೆಳಗಿಟ್ಟು ಟೋಪಿ ತೆಗೆದ. ಎಪ್ಪತ್ತು ದಾಟಿದ, ಹೆಂಡತಿ ಸತ್ತ, ಮಾತು ಕಮ್ಮಿಯ ಮನುಷ್ಯ. ಎನಿಡ್ ಕೇಳುವುದನ್ನು ಕೇಳಿದಳು. ಅವನು ಕುರಿಗಳ ಕಡೆಗೆ ತಿರುಗಿದ.

"ಹೆಣ ಹೋದ ದಾರಿ ಊರಿನ ದಾರಿ ಆಗುತ್ತೆ ಮಿಸೆಸ್ ಬೆಡೋಸ್. ನಮ್ಮಜ್ಜ ಹೇಳ್ತಿದ್ದ."

"ಅದು ಕಾನೂನಲ್ಲ ಅಂತ ಲಯೊನೆಲ್ಲೇ ಹೇಳ್ತಿದ್ರು. ಹೆಣದಿಂದ ದಾರಿ ಆಗಲ್ಲ, ಕಾಲಿಂದ ಆಗುತ್ತೆ ಅಂತ."

"ಅವರು ಓದಿದೋರು. ನಮ್ಮಜ್ಜಂಗೆ ಓದು ಬರ್ತಿರ್ಲಿಲ್ಲ, ಆದ್ರೆ ಜಮೀನು ಉಳ್ಸಿದ." ಆಮೇಲೆ ದನಿ ತಗ್ಗಿಸಿ ಹೇಳಿದ: "ಒಂದು ಪಿನ್ನು ಕೊಡಿ, ಸಾಕು. ಗೇಟಿನ ಕಂಬಕ್ಕೆ ಚುಚ್ಚಿ ಹೋಗಿ. ಪಿನ್ನು ಕೊಟ್ರೆ ಕೇಳಿ ಹೋದಂಗೆ. ನಾನು ಬೀಗ ಹಾಕಲ್ಲ, ತಡೆಯೋದೂ ಇಲ್ಲ."

ಬರಿ ಒಂದು ಗುಂಡುಪಿನ್ನು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ಎನಿಡ್ ಮನೆಗೆ ಬಂದಳು. ಅಲ್ಲಿ ಡೆಸ್ಮಂಡ್ ಪ್ಯೂ ಕಾದಿದ್ದ. ನಡಿಗೆಯ ಗುಂಪಿನ ಕಾರ್ಯದರ್ಶಿ, ಲಯೊನೆಲ್ಲನ ಬಲಗೈ, ಪೆಟ್ಟಿಗೆ ಹೊರುವ ಆರು ಜನರಲ್ಲಿ ಒಬ್ಬ. ಪಿನ್ನಿನ ವಿಷಯ ಕೇಳಿದ್ದೇ ಅವನು ಟೀ ಕಪ್ಪನ್ನು ಮೇಜಿನ ಮೇಲಿಟ್ಟುಬಿಟ್ಟ.

"ಎನಿಡ್, ನಿಂಗೆ ಬುದ್ಧಿ ಇದೆಯೇನೇ? ಊರಿನ ಕಣ್ಣೆದುರಿಗೆ ಲಯೊನೆಲ್ ಹೆಂಡ್ತಿನೇ ಪಿನ್ನು ಕೊಟ್ಟು ಅಪ್ಪಣೆ ತಗೊಂಡ್ರೆ, ನಾವು ಕೇಳ್ದೆ ನಡ್ದಿದೀವಿ ಅಂತ ಯಾವ ಬಾಯಲ್ಲಿ ಹೇಳೋದು?"

"ಅವ್ರು ಕೇಳಿದ್ದು ಹುಲ್ಲುಗಾವಲಲ್ಲಿ ಕರ್ಕೊಂಡು ಹೋಗು ಅಂತ."

"ಕೇಳಿದ್ದು ಯಾಕೆ ಅಂತ ಗೊತ್ತಿಲ್ವ? ಗೆಲ್ಲಕ್ಕೆ. ಆ ಮುದುಕನ್ನ ಹೆದರ್ಸಕ್ಕೆ. ಸತ್ಮೇಲೂ ಒಂದು ಹೆಜ್ಜೆ ಮುಂದೆ ಇಡೋಣ ಅಂತ. ಪಿನ್ನು ಕೊಟ್ರೆ ಅವನು ಮಾಡಿದ್ದೆಲ್ಲ ಹೊಳೆಗೆ ಹೋಗುತ್ತೆ. ಅದಕ್ಕಿಂತ ರಸ್ತೆ ವಾಸಿ."

ಆ ರಾತ್ರಿಯಿಂದ ಎನಿಡ್‌ಗೆ ಅದೇ ಕೊರೆತ. ಅವನು ಕೇಳಿದ್ದು ಹುಲ್ಲನ್ನೋ, ಗೆಲುವನ್ನೋ? ಹುಲ್ಲಾದರೆ ಪಿನ್ನು ಕೊಡಬೇಕು, ಅವನ ಜೀವಮಾನದ ಕೆಲಸ ಕೈಯಾರೆ ಮುರಿಯಬೇಕು. ಗೆಲುವಾದರೆ ಕೊಡಬಾರದು, ಅವನ ಕೊನೆಯ ಮಾತು ಮುರಿಯಬೇಕು. ಇಷ್ಟು ವರ್ಷ ಒಂದೇ ದಿಂಬಿಗೆ ತಲೆಕೊಟ್ಟವನ ಮನಸ್ಸು ತನಗೆ ತಿಳಿಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಹೇಳುವವರು ಮದುವೆಯಾಗಿ ನೋಡಬೇಕು.

ಕೊನೆಗೆ ಡೆಸ್ಮಂಡನಿಗೆ ಮಾತು ಕೊಟ್ಟಳು. ಗೇಟಿನವರೆಗೆ ಹೋಗುವುದು, ಟ್ರಾಂಟರ್ ಪಿನ್ನಿಲ್ಲದೆಯೇ ಒಳಗೆ ಬಿಟ್ಟರೆ ದಾಟುವುದು, ಬಿಡದಿದ್ದರೆ ತಿರುಗಿ ರಸ್ತೆ ಹಿಡಿಯುವುದು.

ಮಣ್ಣಿನ ದಿನ ನವೆಂಬರಿನ ಮಂಜು ನದಿಯ ಮೇಲಿಂದ ಇನ್ನೂ ಸರಿದಿರಲಿಲ್ಲ. ಸೇತುವೆಯ ತಲೆಯಲ್ಲಿ ಪೆಟ್ಟಿಗೆಯನ್ನು ಗಾಡಿಯಿಂದ ಇಳಿಸಿ ಆರು ಜನ ಹೆಗಲಿಗೇರಿಸಿಕೊಂಡರು. ಎಲ್ಲರ ಮೈಮೇಲೂ ಕಪ್ಪು ಕೋಟು, ಕಾಲಲ್ಲಿ ಮಾತ್ರ ನಡಿಗೆಯ ಬೂಟು. ಎನಿಡ್ ಪೆಟ್ಟಿಗೆಯ ಹಿಂದೆ, ಎಂದಿನಂತೆ ಅವನ ಹಿಂದೆಯೇ ನಡೆದಳು.

ಗೇಟು ತೆರೆದಿತ್ತು. ಪಕ್ಕದಲ್ಲಿ ಟ್ರಾಂಟರ್ ಬರಿದಲೆಯಲ್ಲಿ ನಿಂತಿದ್ದ. ಅವನು ಕೈ ಚಾಚಲಿಲ್ಲ, ಪಿನ್ನು ಎಂಬ ಮಾತನ್ನೂ ಎತ್ತಲಿಲ್ಲ. ಓಕ್ ಮರದ ಕಂಬ ಕಾಣುವಂತೆ ಪಕ್ಕಕ್ಕೆ ಸರಿದ, ಅಷ್ಟೇ.

ಎನಿಡ್ ಪೆಟ್ಟಿಗೆಯನ್ನು ದಾಟಿ ಮುಂದೆ ಬಂದು ಕಂಬ ನೋಡಿದಳು. ಎಷ್ಟೋ ಸಲ ಅದಕ್ಕೆ ಒರಗಿ ಬೂಟಿನ ದಾರ ಕಟ್ಟಿದ್ದಳು, ಒಳಮೈ ನೋಡಿರಲಿಲ್ಲ. ಅಲ್ಲಿ ಪಿನ್ನುಗಳಿದ್ದವು. ಕೆಲವು ತುಕ್ಕು ಹಿಡಿದು ಮರದೊಂದಿಗೆ ಒಂದಾಗಿದ್ದವು, ಕೆಲವಕ್ಕೆ ತಲೆ ಮಾತ್ರ ಉಳಿದಿತ್ತು. ಒಂದು ಇನ್ನೂ ಹೊಳೆಯುತ್ತಿತ್ತು, ಅದಕ್ಕೆ ನೀಲಿ ಗಾಜಿನ ಗುಂಡು.

"ಇದು ಯಾರದು?"

"ನಮ್ಮ ಡೋರಾದು," ಎಂದ ಟ್ರಾಂಟರ್. "ಅವಳ ಹೊಲಿಗೆ ಡಬ್ಬಿಯಿಂದ ತಗೊಂಡೆ."

"ನಿಮ್ಮದೇ ಜಮೀನಲ್ವ? ನಿಮ್ಮ ಹೆಂಡ್ತಿಗೂ ಪಿನ್ನೇ?"

"ಈ ದಾರೀಲಿ ಹೆಣ ತಂದೋರು ಎಲ್ರೂ ಕೊಟ್ಟಿದಾರೆ. ಅವಳೊಬ್ಬಳ್ದು ಇಲ್ದೆ ಹೋದ್ರೆ ಚೆನ್ನಾಗಿರಲ್ಲ ಅನ್ನಿಸ್ತು."

ಹಿಂದಿನಿಂದ ಡೆಸ್ಮಂಡನ ಪಿಸುದನಿ ಬಂತು: "ಎನಿಡ್, ತಿರುಗು. ಹೆಗಲು ನೋಯ್ತಿದೆ."

ಟ್ರಾಂಟರ್ ಅವನ ಕಡೆ ನೋಡಲೇ ಇಲ್ಲ. ಎನಿಡಳಿಗೆ ಮಾತ್ರ ಕೇಳುವಂತೆ ಹೇಳಿದ: "ಪಿನ್ನು ಬೇಡ ಅಂದ್ರೆ ಬೇಡ, ರಸ್ತೇಲಿ ಹೋಗಿ. ಬೇಜಾರಿಲ್ಲ. ಅವರೂ ಕೊಡ್ತಿರ್ಲಿಲ್ವೇನೋ. ಆದ್ರೆ ನಿಮ್ಮ ಕೇಕಿಗೆ ಇನ್ನೂ ಸ್ವಲ್ಪ ವಾಲ್ನಟ್ ಹಾಕ್ಬೇಕು ಅಂತ ನಾನು ಹೇಳಿದಾಗೆಲ್ಲ, ಎನಿಡ್ ಕೈರುಚಿಗೆ ಹೆಸರಿಡ್ಬೇಡ ಅಂತ ಬೈಯೋರು."

ಎನಿಡ್ ಕಂಬದಿಂದ ತಲೆಯೆತ್ತಿ ಅವನನ್ನು ನೋಡಿದಳು. ಎರಡು ತುಂಡು ಕೇಕು. ಬೀಗ ಹಾಕಿದ ಗೇಟಿನ ಆ ಕಡೆ ಒಬ್ಬ, ಈ ಕಡೆ ಒಬ್ಬ, ಫೆಬ್ರವರಿಯ ಚಳಿಯಲ್ಲಿ. ಆ ದಿನ ಅವನು ಗೆಲ್ಲಲು ಹೋಗುತ್ತಿರಲಿಲ್ಲ. ಗೆದ್ದಿದ್ದರೆ ಮುಂದಿನ ವರ್ಷ ಹೋಗಲು ಕಾರಣವೇ ಇರುತ್ತಿರಲಿಲ್ಲ. ಹೆಣದಿಂದ ದಾರಿಯಾಗುವುದಿಲ್ಲವೆಂದು ನಗುತ್ತಿದ್ದವನು ಪೆಟ್ಟಿಗೆಯಲ್ಲಿ ಮಲಗಿ ದಾರಿ ಗೆಲ್ಲಲು ಹೊರಡುತ್ತಾನೆಯೇ? ಅವನು ಕೇಳಿದ್ದು ಹುಲ್ಲನ್ನೇ. ಅವಳ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಅದರ ಜಾಗದಲ್ಲಿ ದುಃಖ ಬಂತು, ಈ ಸಲ ಬೆರಕೆಯಿಲ್ಲದ್ದು.

ಅವಳು ಟೋಪಿಯಿಂದ ಪಿನ್ನು ತೆಗೆದಳು. ಉದ್ದನೆಯದು, ಅವಳ ತಾಯಿಯದು. ಡೋರಾಳ ನೀಲಿ ಗುಂಡಿನ ಪಕ್ಕದಲ್ಲಿ ಒತ್ತಿದಳು. ಗಟ್ಟಿ ಓಕ್, ಹೋಗಲಿಲ್ಲ. ಟ್ರಾಂಟರ್ ಜೇಬಿನಿಂದ ಚಾಕು ತೆಗೆದು ಅದರ ಹಿಡಿಯಿಂದ ಮೆಲ್ಲಗೆ ಬಡಿದ.

"ಆಯ್ತಲ್ಲ, ಮುಗೀತು," ಎಂದ ಡೆಸ್ಮಂಡ್. ತನ್ನ ಹಿಂದಿನವನಿಗೆ ಭಾರ ಹಿಡಿಯಲು ಹೇಳಿ ಹೆಗಲು ತೆಗೆದ. "ನಾನು ಈ ಗೇಟು ದಾಟಲ್ಲ. ಚರ್ಚಲ್ಲಿ ಸಿಗ್ತೀನಿ." ಅವನ ಕಣ್ಣು ಕೆಂಪಾಗಿತ್ತು. ಅವನದೂ ಪ್ರೀತಿಯೇ, ಆದರೆ ಅದಕ್ಕೆ ರಸ್ತೆ ಒಂದೇ ಗೊತ್ತು. ಮಂಜಿನಲ್ಲಿ ಅವನ ಬೂಟಿನ ಸದ್ದು ಡಾಂಬರಿನ ಮೇಲೆ ದೂರವಾಯಿತು.

ಪೆಟ್ಟಿಗೆ ಒಂದು ಕಡೆಗೆ ವಾಲಿತು. ಟ್ರಾಂಟರ್ ಚಾಕು ಜೇಬಿಗಿಳಿಸಿ, ಯಾರೂ ಕರೆಯುವ ಮೊದಲೇ ಬಂದು ಆ ಮೂಲೆಗೆ ಹೆಗಲು ಕೊಟ್ಟ. ಒದ್ದೆ ಹುಲ್ಲಿನಲ್ಲಿ, ವಿಲೋ ಮರಗಳ ಬುಡದಲ್ಲಿ ಅವರು ನಿಧಾನವಾಗಿ ಹೋದರು. ಪಕ್ಕದಲ್ಲೇ ನದಿಯ ಸದ್ದಿತ್ತು. ಕ್ಲೀವ್ ಚರ್ಚಿನ ಬಾಗಿಲಲ್ಲಿ ಪಾದ್ರಿಗಳ ಜೊತೆ ಡೆಸ್ಮಂಡ್ ಮೊದಲೇ ಬಂದು ನಿಂತಿದ್ದ, ಬೆವರುತ್ತಿದ್ದ. ಒಳಗೆ ಹೋಗುವಾಗ ಅವನು ತನ್ನ ಮೂಲೆಯನ್ನು ಟ್ರಾಂಟರನಿಂದ ತಲೆ ತಗ್ಗಿಸಿಕೊಂಡೇ ವಾಪಸ್ ತೆಗೆದುಕೊಂಡ.

ಚಳಿಗಾಲದಲ್ಲಿ ಕೌನ್ಸಿಲ್‌ನ ಅರ್ಜಿ ಬಿದ್ದುಹೋಯಿತು. ಡೆಸ್ಮಂಡ್ ಎನಿಡಳನ್ನು ಅಂಗಡಿ ಬೀದಿಯಲ್ಲಿ ಕಂಡರೆ ಹವಾಮಾನದ ಮಾತಾಡಿ ಹೊರಡುತ್ತಿದ್ದ. ನಡಿಗೆಯವರು ಮಂಗಳವಾರಗಳಲ್ಲಿ ಬೇರೆ ಗುಡ್ಡ ಹಿಡಿದರು.

ಫೆಬ್ರವರಿಯ ಮೊದಲ ಮಂಗಳವಾರ ಎನಿಡ್ ಫ್ಲಾಸ್ಕಿಗೆ ಟೀ ತುಂಬಿದಳು. ಕೇಕಿಗೆ ಹಿಂದಿನ ದಿನವೇ ಒಂದು ಹಿಡಿ ವಾಲ್ನಟ್ ಹೆಚ್ಚಿಗೆ ಹಾಕಿದ್ದಳು. ಎರಡು ತುಂಡು ಕಟ್ಟಿಕೊಂಡು ಸೇತುವೆ ದಾಟಿದಳು.

ಗೇಟಿಗೆ ಬೀಗವಿರಲಿಲ್ಲ. ಅರ್ಧ ತೆರೆದೇ ಇತ್ತು. ಟ್ರಾಂಟರ್ ಆ ಕಡೆ ಮಗುಚಿದ ಬಕೆಟ್ಟಿನ ಮೇಲೆ ಕೂತು ನದಿ ನೋಡುತ್ತಿದ್ದ. ಸರಪಳಿ ಅವನ ಕಾಲ ಬಳಿ ಸುತ್ತಿ ಬಿದ್ದಿತ್ತು.

"ಇವತ್ತು ಮುಚ್ಚೋ ದಿನ ಅಲ್ವ?" ಎಂದಳು ಎನಿಡ್.

ಅವನು ತಿರುಗಿದ. "ಹೌದು. ಹಾಕೋಣ ಅಂತಲೇ ಸರಪಳಿ ತಂದಿದ್ದು." ಸರಪಳಿಯನ್ನು ಬೂಟಿನ ತುದಿಯಿಂದ ಸ್ವಲ್ಪ ಸರಿಸಿದ. "ಯಾರಿಗೆ ಅಂತ ಬೀಗ ಹಾಕ್ಲಿ, ಮಿಸೆಸ್ ಬೆಡೋಸ್?"

ಎನಿಡ್ ಗೇಟನ್ನು ತನ್ನ ಕಡೆಗೆ ಎಳೆದು ಮುಚ್ಚಿದಳು. ತಾನು ಹೊರಗಡೆಯೇ ನಿಂತಳು. ಕೇಕಿನ ಪೊಟ್ಟಣ ಬಿಚ್ಚಿ ಗೇಟಿನ ಮೇಲಿನ ಅಡ್ಡಪಟ್ಟಿಯ ಮೇಲಿಟ್ಟಳು.

"ಹಾಕಿ ರೂಬೆನ್," ಎಂದಳು. "ನಾನು ಬಂದಿದೀನಲ್ಲ."

ಅವನು ಎದ್ದು, ಬಹಳ ಹೊತ್ತು ತೆಗೆದುಕೊಂಡು, ಸರಪಳಿ ಸುತ್ತಿ ಬೀಗ ಹಾಕಿದ. ಇಬ್ಬರೂ ಟೀ ಕುಡಿದರು. ಆಮೇಲೆ ಎನಿಡ್ ಫ್ಲಾಸ್ಕನ್ನು ಚೀಲಕ್ಕೆ ಹಾಕಿಕೊಂಡು, ರಸ್ತೆ ಸುತ್ತಿಕೊಂಡು ಕ್ಲೀವ್ ಕಡೆಗೆ ನಡೆದಳು.